ಓಲ್ಡರ್‌ಸೀಲಿನ ಎರವಲು ಘಂಟೆ

ಅಕ್ಟೋಬರ್ 4, 2022, ಮಂಗಳವಾರ

ಊರಿನ ಚರಿತ್ರೆ ಬರೆಯುವ ಕೆಲಸ ಕೊನೆಗೂ ನನ್ನ ತಲೆಗೇ ಬಂತು. ಬರುವ ಬೇಸಿಗೆಗೆ ಓಲ್ಡರ್‌ಸೀಲಿಗೆ ಏಳುನೂರು ವರ್ಷ ತುಂಬುತ್ತದೆ. ಉತ್ಸವ ಸಮಿತಿಯ ಅಧ್ಯಕ್ಷ ಹಾಯೋ ಬೂಸ್, ಹಿಂದೆ ಹಾಲಿನ ಡೇರಿ ನಡೆಸುತ್ತಿದ್ದವರು, ಬಾಗಿಲಲ್ಲೇ ನಿಂತು ಹೇಳಿದರು: "ಮೂವತ್ತೈದು ವರ್ಷ ಪೇಪರಲ್ಲಿ ನಮ್ಮೂರಿನ ಹಸು, ಕರು, ಮದುವೆ, ಬೆಂಕಿ ಎಲ್ಲಾ ಬರೆದ್ರಿ. ಉಳಿದ ಆರುನೂರ ಅರವತ್ತೈದು ವರ್ಷ ಬರೆಯೋದೇನು ಮಹಾ, ಇಮ್ಕೆ?"

ನನಗೂ ಕೈಗೊಂದು ಕೆಲಸ ಬೇಕಿತ್ತು. ಅಮ್ಮನ ಹೃದಯ ಇನ್ನು ಹೆಚ್ಚು ದಿನ ದುಡಿಯುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವಳನ್ನು ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದಿದ್ದೇನೆ. ಬೀದಿ ಕಡೆಯ ಕೋಣೆಯಲ್ಲಿ ಅವಳ ಮಂಚ, ಪಕ್ಕದ ಕೋಣೆಯಲ್ಲಿ ನನ್ನ ಮೇಜು.

ಮೊದಲ ಅಧ್ಯಾಯ ಸಲೀಸಾಗಿ ಸಾಗಿತು. ಕಡಲಿಗೆ ಒಡ್ಡು ಕಟ್ಟುವುದು ಗೊತ್ತಿಲ್ಲದ ಕಾಲದಲ್ಲಿ ಇಲ್ಲಿನವರು ಸಗಣಿ ಮತ್ತು ಜೇಡಿಮಣ್ಣು ಒಟ್ಟಿ ದಿಬ್ಬ ಎಬ್ಬಿಸಿದರು, ಅದರ ಮೇಲೆ ಮನೆ ಕಟ್ಟಿದರು. ಒಡ್ಡು, ತೂಬು, ದೋಣಿ, ಸಂತೆ ಎಲ್ಲ ಆಮೇಲೆ ಬಂದವು. ಊರು ನಿಂತಿರುವುದು ಸಗಣಿಯ ಮೇಲೆ ಎಂದು ಮೊದಲ ವಾಕ್ಯದಲ್ಲೇ ಬರೆದರೆ ಹಾಯೋ ಒಪ್ಪಲಿಕ್ಕಿಲ್ಲ. ಬರೆದಿದ್ದೇನೆ.

ಇದರ ಜೊತೆಗೆ ಘಂಟೆಯ ವಿಷಯ. ಯುದ್ಧಕಾಲದಲ್ಲಿ ತೋಪುಗಳಿಗೆ ಲೋಹ ಬೇಕೆಂದು ದೇಶದ ಚರ್ಚುಗಳ ದೊಡ್ಡ ಘಂಟೆಗಳನ್ನು ಇಳಿಸಿ ಒಯ್ದರು. ನಮ್ಮ ದೊಡ್ಡ ಘಂಟೆ ಕರಗಿಹೋಯಿತು. ಆಗ ನಮ್ಮ ದೇಶದ್ದೇ ಆಗಿದ್ದ ಪೂರ್ವ ಪ್ರಶ್ಯದಿಂದ ಬಂದ ಕೆಲವು ಮಾತ್ರ ಕರಗದೆ ಹ್ಯಾಂಬರ್ಗಿನ ಬಯಲಲ್ಲಿ ಉಳಿದವು. ಅಷ್ಟರಲ್ಲಿ ಅವುಗಳ ಊರುಗಳು ಪೋಲೆಂಡಿಗೆ ಸೇರಿದ್ದವು. ಅಲ್ಲಿಂದ ತಪ್ಪಿಸಿಕೊಂಡು ನಮ್ಮಲ್ಲಿ ಬಂದು ನೆಲೆಸಿದ ನಿರಾಶ್ರಿತರಲ್ಲಿ ಹೆಚ್ಚಿನವರು ಗ್ರೋಸ್ ಲೆಂಕೆನ್ ಎಂಬ ಹಳ್ಳಿಯವರು. ಅವರಿಗೆ ಸಮಾಧಾನವಾಗಲಿ ಎಂದು ಊರಿನ ಹಿರಿಯರು 1951ರಲ್ಲಿ ಆ ಹಳ್ಳಿಯ ಘಂಟೆಯನ್ನೇ ಕೇಳಿ ತಂದು ಗೋಪುರಕ್ಕೆ ಏರಿಸಿದರು. ದಾಖಲೆಯ ಪ್ರಕಾರ ಅದು ಇಂದಿಗೂ ಎರವಲು. ಈಗ ಆ ಹಳ್ಳಿಯಲ್ಲಿರುವ ಪೋಲೆಂಡಿನವರು ತಮ್ಮ ಚರ್ಚನ್ನು ದುರಸ್ತಿ ಮಾಡಿಸಿದ್ದಾರೆ, ಘಂಟೆ ಕೇಳಿದ್ದಾರೆ. ನವೆಂಬರ್ ಹದಿಮೂರರಂದು ಚರ್ಚಿನ ಸಮಿತಿ ಮತ ಹಾಕುತ್ತದೆ.

ಘಂಟೆ ಉಳಿಯಬೇಕು ಎನ್ನುವವರಲ್ಲಿ ನಾನೇ ಮುಂದು. ಅಮ್ಮ ಆ ಹಳ್ಳಿಯವಳು. ಎಂಟು ವರ್ಷದವಳಿದ್ದಾಗ ಅಲ್ಲಿಂದ ಹೊರಟವಳು. ಅವಳ ಕೊನೆಯ ದಿನಗಳಲ್ಲಿ ಅವಳೂರಿನ ದನಿಯನ್ನು ಅವಳ ಕಿವಿಯಿಂದ ಕಿತ್ತುಕೊಳ್ಳಲು ಬಿಡುವುದಿಲ್ಲ.

ಅಕ್ಟೋಬರ್ 11, ಮಂಗಳವಾರ

ಎರಡನೆಯ ಅಧ್ಯಾಯ, ನೆರೆಯದು. ಕಡಲು ಊರೊಳಗೆ ಬಂದದ್ದು ಒಂದೇ ಸಲವಲ್ಲ. ಪ್ರತಿ ಸಲವೂ ಉಳಿದವರು ಒಡ್ಡನ್ನು ಎತ್ತರಿಸಿದರು, ಇನ್ನಷ್ಟು ಮುಂದಕ್ಕೆ ಕಟ್ಟಿದರು. ಹಾಗಾಗಿ ಕಡಲು ದೂರವಾಯಿತು, ಬಂದರಿಗೆ ಹೂಳು ತುಂಬಿತು. ಹಡಗು ನಿಲ್ಲುತ್ತಿದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ.

ಮಧ್ಯಾಹ್ನದ ಮೇಲೆ ಹಾಯೋ ಜೊತೆ ಮನೆಮನೆಗೆ ಹೋದೆ. ಟಿಲ್ಸಿಟ್ ಬೀದಿ, ಕೋನಿಗ್ಸ್‌ಬರ್ಗ್ ಬೀದಿ: ನಿರಾಶ್ರಿತರಿಗೆಂದು ಕಟ್ಟಿದ, ಎಪ್ಪತ್ತು ವರ್ಷವಾದರೂ ಎಲ್ಲರೂ 'ಹೊಸ ಬಡಾವಣೆ' ಎನ್ನುವ ಜಾಗ. ಬೀದಿಗಳಿಗೆ ಕಳೆದುಕೊಂಡ ಪಟ್ಟಣಗಳ ಹೆಸರು. ಬುಟ್‌ಗೆರೈಟ್ ಅಜ್ಜಿ ಘಂಟೆ ಇರಲಿ ಎಂದರು, ದಿನಾ ಹನ್ನೆರಡಕ್ಕೆ ಅದು ಬಾರಿಸದಿದ್ದರೆ ಆಲೂಗಡ್ಡೆ ಬೇಯಲು ಇಡುವ ಹೊತ್ತು ಗೊತ್ತಾಗುವುದಿಲ್ಲವಂತೆ. ಪೋಲೆಂಡಿನವರಿಗೆ ಹೊಸದೊಂದು ಮಾಡಿಸಿಕೊಡೋಣ ಎನ್ನುವುದು ಹಾಯೋ ವಾದ. "ಅವರಿಗೆ ಹೊಸಬಳು ಸಿಗ್ಲಿ, ನಮಗೆ ಹಳೇ ಹೆಂಡ್ತೀನೇ ಸಾಕು" ಎಂದು ಪ್ರತಿ ಮನೆಯಲ್ಲೂ ಹೇಳಿದರು. ಐದನೆಯ ಮನೆಯ ಹೊತ್ತಿಗೆ ನಗುವುದು ನನಗೆ ಕಷ್ಟವಾಯಿತು.

ಅಮ್ಮನ ಕಿವಿ ಮಂದವಾಗುತ್ತಿದೆ. ಹನ್ನೆರಡರ ಹೊತ್ತಿಗೆ ರೇಡಿಯೊ ಇಡೀ ಮನೆ ನಡುಗುವಷ್ಟು ಜೋರಾಗಿ ಹಾಕುತ್ತಾಳೆ. ಹವಾಮಾನ ವರದಿ ಅಂತೆ. ಐದು ನಿಮಿಷದ ಬಳಿಕ ಅವಳೇ ಆರಿಸುತ್ತಾಳೆ. ಕಿವಿ ತಜ್ಞರಿಗೆ ಫೋನ್ ಮಾಡಬೇಕು.

ಅಕ್ಟೋಬರ್ 20, ಗುರುವಾರ

1945ರ ಅಧ್ಯಾಯ ಮುಗಿಸಿದೆ. ಒಂದೇ ವರ್ಷದಲ್ಲಿ ಊರಿನ ಜನಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹೋಟೆಲಿನ ನೃತ್ಯದ ಹಾಲ್, ಇಟ್ಟಿಗೆ ಒಣಗಿಸುವ ಕೊಟ್ಟಿಗೆ, ರೈತರ ಮನೆಗಳ ಅಟ್ಟ, ಎಲ್ಲೆಲ್ಲೂ ಜನ. ಆಲೂಗಡ್ಡೆಗೆ ಬೀಳುವ ಹುಳುವಿನ ಹೆಸರನ್ನೇ ಊರವರು ಅವರಿಗೂ ಇಟ್ಟಿದ್ದರು. ಆರು ವರ್ಷದ ಮೇಲೆ ಅದೇ ಊರವರು ಘಂಟೆ ತಂದರು. ಬದಲಾವಣೆಯ ಗುರುತು ಎಂದು ಬರೆದೆ.

ಸಂಜೆ ಚಹಾದ ಹೊತ್ತಿಗೆ ಅಮ್ಮನಿಗೆ ಓದಿ ಹೇಳಿದೆ. 'ಮೊದಲ ಸದ್ದಿಗೇ ನಿರಾಶ್ರಿತರ ಕಣ್ಣಲ್ಲಿ ನೀರಾಡಿತು' ಎಂಬಲ್ಲಿ ಅವಳು ಕೈ ಎತ್ತಿ ನಿಲ್ಲಿಸಿದಳು.

"ಇದು ಯಾರು ಹೇಳಿದ್ದು?"

"ಆಗಿನ ಪೇಪರಲ್ಲಿ ಬಂದಿದೆ ಅಮ್ಮ."

"ಅತ್ತಿದ್ದು ನಿಜ. ಯಾಕೆ ಅತ್ರಿ ಅಂತ ಪೇಪರಿನವರು ಕೇಳಿದ್ರಾ?"

ನನಗೆ ಸ್ವಲ್ಪ ಸಿಟ್ಟು ಬಂತು. ಸಂತೋಷಕ್ಕೆ ಅಲ್ಲವೇ ಎಂದೆ. ಅವಳು ಬಟ್ಟಲಿನ ತಳದ ಕಲ್ಲುಸಕ್ಕರೆಯನ್ನು ಅಲ್ಲಾಡಿಸುತ್ತ ಕೂತಳು. ಆಮೇಲೆ, ತೋಟದ ಗೇಟಿಗೆ ಅಗುಳಿ ಹಾಕಿದ್ದೀಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದೆ. ತೆಗೆದಿಡು ಎಂದಳು.

ಅಕ್ಟೋಬರ್ 27, ಗುರುವಾರ

ರೇಡಿಯೊದ ಗುಂಡಿ ತಿರುಗಿಸಲು ಅವಳ ಬೆರಳಿಗೆ ಶಕ್ತಿ ಸಾಲುತ್ತಿಲ್ಲ. ಇಂದು ಹನ್ನೆರಡಕ್ಕೆ ಘಂಟೆ ಶುರುವಾದಾಗ ನಾನು ಕೋಣೆಯಲ್ಲೇ ಇದ್ದೆ. ಅವಳು ಹೊದಿಕೆಯ ಅಂಚು ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದಳು, ಯಾರೋ ಒಳಗೆ ಬರುವವರಿದ್ದಾರೆ ಎಂಬಂತೆ. ಸದ್ದು ನಿಂತ ಮೇಲೆ, "ಇವತ್ತೂ ಅವನಿಗಲ್ಲ" ಎಂದಳು.

ಯಾರಿಗೆ ಎಂದು ಕೇಳಿದೆ. ನಿದ್ದೆ ಬರುತ್ತಿದೆ ಎಂದಳು. ಮಾತ್ರೆಯ ಅಮಲಿನಲ್ಲಿ ಹೀಗೆ ಆಗುವುದುಂಟು ಎಂದು ಬೆಳಿಗ್ಗೆ ಬರುವ ದಾದಿ ಮೊದಲೇ ಹೇಳಿದ್ದಳು.

ತೋಟದ ಗೇಟು ತೆರೆದಿತ್ತು. ಗಾಳಿ.

ನವೆಂಬರ್ 3, ಗುರುವಾರ

ಬರೆಯಬೇಕಾದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಉಪಾಹಾರದ ಬಳಿಕ ಅಮ್ಮನಿಗೆ ಒಳ್ಳೆಯ ಸುದ್ದಿ ಎಂದುಕೊಂಡು ಹೇಳಿದೆ: ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳು ನಮ್ಮ ಕಡೆ ಇವೆ, ಘಂಟೆ ಎಲ್ಲಿಗೂ ಹೋಗುವುದಿಲ್ಲ.

"ನೀನು ಇದನ್ನ ನನಗೋಸ್ಕರ ಮಾಡ್ತಿದೀಯಾ?"

"ಮತ್ಯಾರಿಗೆ?"

"ಅಯ್ಯೋ ಮಗಳೇ. ಅದು ಹೋಗ್ಲಿ ಅಂತ ನಾನು ಎಪ್ಪತ್ತು ವರ್ಷದಿಂದ ಕಾಯ್ತಿದೀನಿ."

ಅವಳಿಗೊಬ್ಬ ತಮ್ಮನಿದ್ದ. ಉಲ್ರಿಖ್, ಮನೆಯಲ್ಲಿ ಊಲಿ. ನಾಲ್ಕು ವರ್ಷ. ಅರವತ್ತು ದಾಟಿದ ಮಗಳಿಗೆ, ಅದೂ ಜೀವನವಿಡೀ ಊರವರ ಮನೆಯ ಸುದ್ದಿ ಕೆದಕಿದವಳಿಗೆ, ಈ ಹೆಸರು ಗೊತ್ತಿರಲಿಲ್ಲ. 1945ರ ಫೆಬ್ರವರಿಯಲ್ಲಿ, ಶತ್ರು ಸೈನ್ಯಕ್ಕೆ ಹೆದರಿ ಹಿಮದಲ್ಲಿ ಗಾಡಿಗಳ ಸಾಲು ಪಡುವಣಕ್ಕೆ ಹೊರಟಿದ್ದಾಗ, ಅವನು ತನ್ನ ತಾಯಿಯ, ಅಂದರೆ ನನ್ನ ಅಜ್ಜಿಯ, ಮಡಿಲಲ್ಲೇ ತಣ್ಣಗಾದ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಅಗೆಯಲಾಗಲಿಲ್ಲ. ದಿಂಬಿನ ಚೀಲದಲ್ಲಿ ಸುತ್ತಿ ದಾರಿ ಬದಿಯ ಒಂದು ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ಬಂದರು. ಚರ್ಚು ಇರುವ ಊರು ಮುಟ್ಟಿದ ಕೂಡಲೇ ಅವನಿಗೆ ಘಂಟೆ ಬಾರಿಸೋಣ ಎಂದು ಅಜ್ಜಿ ಎಲ್ಲರಿಗೂ ಹೇಳಿದಳು.

ಮುಟ್ಟಿದ ಊರು ಓಲ್ಡರ್‌ಸೀಲ್. ಆಗಿನ ಪಾದ್ರಿ ಕೆಟ್ಟವರಲ್ಲವಂತೆ. ಹೆಣವಿಲ್ಲ, ದಾಖಲೆಯಿಲ್ಲ, ನಮ್ಮ ಚರ್ಚಿನ ಮಗುವೂ ಅಲ್ಲ, ಹಾಗೆ ಬಾರಿಸುವ ಪದ್ಧತಿ ಇಲ್ಲ ಎಂದರಂತೆ. ಆರು ವರ್ಷದ ಮೇಲೆ ಅವರೂರಿನ ಘಂಟೆಯೇ ಬಂತು. ಬಂದ ವಾರವೇ ಅದನ್ನು ಬಾರಿಸಿದ್ದು ಹೋಟೆಲಿನ ಯಜಮಾನ ತೀರಿಕೊಂಡಾಗ.

ಆಮೇಲಾದರೂ ನೀನೇಕೆ ಕೇಳಲಿಲ್ಲ ಎಂದೆ. ಹೊಸ ಪಾದ್ರಿಗಳು ಬಂದರು, ಕಾಲ ಬದಲಾಯಿತು, ಯಾರೂ ಬೇಡ ಎನ್ನುತ್ತಿರಲಿಲ್ಲ.

"ಕೇಳಿದ್ರೆ ಅವನು ಸತ್ತ ಹಾಗೆ" ಎಂದಳು ಅಮ್ಮ. "ಬಾರಿಸೋ ತನಕ ಅವನು ನಡೀತಾನೇ ಇರ್ತಾನೆ. ನಮ್ಮ ಹಿಂದೆ ಹಿಂದೆ. ಅದಕ್ಕೇ ಅದು ಶುರುವಾದ್ರೆ ನಂಗೆ ಭಯ, ಇವತ್ತು ಅವನಿಗೇ ಆಯ್ತೇನೋ ಅಂತ."

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು: "ಅವನಿಗೆ ಬಾರಿಸದ್ದು ನಂಗೂ ಬೇಡ. ನಾನು ಹೋಗೋ ಮೊದಲು ಅದನ್ನ ಕಳಿಸು."

ನಮ್ಮೂರಲ್ಲಿ ಯಾರು ಸತ್ತರೂ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ದೊಡ್ಡ ಘಂಟೆ ಬಾರಿಸುತ್ತಾರೆ. ಅದು ಗೋಪುರದಲ್ಲಿ ಇರುವವರೆಗೆ ಅವಳಿಗೂ ಬಾರಿಸುತ್ತಾರೆ.

ನವೆಂಬರ್ 5, ಶನಿವಾರ

ಹಾಯೋ ಬೂಸ್ ಮನೆಗೆ ಹೋಗಿ ನಾನಿನ್ನು ಘಂಟೆ ಕಳಿಸುವವರ ಕಡೆ ಎಂದೆ. ಕಾರಣ ಹೇಳಲಿಲ್ಲ, ಅಮ್ಮನ ಇಷ್ಟ ಎಂದಷ್ಟೇ ಹೇಳಿದೆ. ಅವರ ಮುಖ ಕೆಂಪಾಯಿತು. "ನಿಮ್ಮ ಮಾತು ನಂಬಿ ಈ ಮಂಡಿ ಇಟ್ಕೊಂಡು ಎಷ್ಟು ಮೆಟ್ಟಿಲು ಹತ್ತಿದೆ ಗೊತ್ತೇನ್ರೀ? ಹಳೇ ಹೆಂಡ್ತಿ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಈಗ ವಿಚ್ಛೇದನ ಅನ್ನಬೇಕಾ?" ಬಾಗಿಲವರೆಗೆ ಬಂದು ಬೀಳ್ಕೊಡಲೂ ಇಲ್ಲ. ಆದರೆ ನಾನು ಬೀದಿ ತಿರುಗುವಾಗ ಕಿಟಕಿ ತೆರೆದು, ಅಮ್ಮನಿಗೆ ನಮಸ್ಕಾರ ತಿಳಿಸಿ ಎಂದು ಕೂಗಿದರು.

ವಾಪಸು ಬರುವಾಗ ಹನ್ನೆರಡಾಗುತ್ತಿತ್ತು. ತೂಬಿನ ಗೋಡೆಯ ಮೇಲೆ ಕೆತ್ತಿದ ಇಸವಿ ಪರಿಶೀಲಿಸಬೇಕಿತ್ತು, ಒಡ್ಡಿನ ದಾರಿ ಹಿಡಿದೆ. ಗಾಳಿ ಕಡಲ ಕಡೆಯಿಂದ ಬೀಸುತ್ತಿದ್ದರಿಂದ ಅಲ್ಲಿ ಊರಿನ ಸದ್ದು ಕೇಳಲಿಲ್ಲ. ಇಸವಿ 1798, ನಾನು ಬರೆದದ್ದು ಸರಿ ಇದೆ.

ನವೆಂಬರ್ 9, ಬುಧವಾರ

ತೂಬಿನ ಇಸವಿ ಮತ್ತೊಮ್ಮೆ ನೋಡಿ ಬಂದೆ. ಸರಿ ಇದೆ.

ನವೆಂಬರ್ 13, ಭಾನುವಾರ

ಯುದ್ಧದಲ್ಲಿ ಮಡಿದವರ ನೆನಪಿನ ದಿನ. ಸ್ಮಾರಕದ ಮುಂದೆ ಹೂಚಕ್ರ ಇಟ್ಟಾದ ಮೇಲೆ ಚರ್ಚಿನ ಸಮಿತಿ ಸೇರಿತು. ಪಾದ್ರಿ ಆಲೀಡಾ ಊಕೆನ್, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಯಾವ ಕಡೆಗೂ ಮಾತಾಡದೆ ಎಣಿಸಿದರು. ಒಂದೇ ಮತದ ಅಂತರ. ಘಂಟೆ ಹಿಂದಕ್ಕೆ ಹೋಗುತ್ತದೆ. ಈ ಸಮಿತಿಯಲ್ಲೂ ಇರುವ ಹಾಯೋ ಕೈ ಎತ್ತಿದ್ದು ಕಳಿಸುವ ಕಡೆಗೆ. ಯಾರ ಮುಖವನ್ನೂ ನೋಡಲಿಲ್ಲ.

ಅಮ್ಮನಿಗೆ ಹೇಳಿದೆ. ಯಾವಾಗ ಎಂದಳು. ಕ್ರೇನ್ ಬರುವುದು ತಿಂಗಳ ಕೊನೆಯ ವಾರ. ಅಷ್ಟು ದಿನ ಇರುತ್ತೇನೆ ಎಂದಳು, ಬಸ್ಸಿಗೆ ಕಾಯುವವರು ಹೇಳುವ ಹಾಗೆ.

ನವೆಂಬರ್ 21, ಸೋಮವಾರ

ಕೊನೆಯ ಅಧ್ಯಾಯದಲ್ಲಿದ್ದೇನೆ. ರೈಲು ಬಂದದ್ದು, ನಿಂತದ್ದು. ಇಟ್ಟಿಗೆ ಕಾರ್ಖಾನೆ ಮುಚ್ಚಿದ್ದು. ಊರ ಹೊರಗಿನಿಂದ ರಸ್ತೆ ಹೋದ ಮೇಲೆ ಸಂತೆ ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದು. ಗಾಳಿಯಂತ್ರಗಳು ಬಂದದ್ದು. ಹಳೆಯ ಶಾಲೆಯಲ್ಲಿ ಈ ವಸಂತದಿಂದ ಉಕ್ರೇನಿನ ತಾಯಂದಿರೂ ಮಕ್ಕಳೂ ಇದ್ದಾರೆ. ಒಂದು ಊರು ಬೆಳೆದದ್ದನ್ನು ಬರೆಯುವುದೆಂದರೆ ಯಾರು ಬಂದರು, ಯಾರು ಉಳಿದರು ಎಂದು ಬರೆಯುವುದು. ಬಂದು ಮುಟ್ಟದವರನ್ನು ಯಾವ ಅಧ್ಯಾಯಕ್ಕೆ ಸೇರಿಸುವುದು ಎಂದು ತಿಳಿಯದೆ ಮಧ್ಯಾಹ್ನವೆಲ್ಲ ಕೂತೆ. ಒಂದು ಸಾಲೂ ಆಗಲಿಲ್ಲ.

ಚಹಾಕ್ಕೆ ಮೂರು ಬಟ್ಟಲು ಇಟ್ಟಿದ್ದೆ. ದಾದಿ ಬಂದರೆ ಇರಲಿ ಎಂದು. ದಾದಿ ಬರುವುದು ಬೆಳಿಗ್ಗೆ.

ಗೇಟು ತೆರೆದಿತ್ತು. ಇಂದು ಗಾಳಿ ಇರಲಿಲ್ಲ, ಗಾಳಿಯಂತ್ರಗಳೂ ನಿಂತಿದ್ದವು. ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ನವೆಂಬರ್ 29, ಮಂಗಳವಾರ

ಬಿರುಗಾಳಿ. ಕ್ರೇನ್ ಬರುವುದಿಲ್ಲ. ಮುಂದಿನ ವಾರ ಎನ್ನುತ್ತಾರೆ.

ಅಮ್ಮ ಊಟ ಬಿಟ್ಟಿದ್ದಾಳೆ. ಹನ್ನೆರಡಕ್ಕೆ ಮುಂಚೆ ಅಡುಗೆಮನೆಯ ನಲ್ಲಿ ತಿರುಗಿಸಿ, ಬಕೆಟ್ಟಿನಲ್ಲಿ ನೀರು ಬೀಳುವ ಸದ್ದು ಮಾಡಿದೆ. ಬಾಗಿಲು ಹಾಕಿ ಅವಳ ಪಕ್ಕ ಕೂತೆ. ನೀರು ತುಂಬಿ ನೆಲಕ್ಕೆ ಹರಿದದ್ದು ಆಮೇಲೆ ಗೊತ್ತಾಯಿತು.

"ಅದು ಇನ್ನೂ ಅಲ್ಲೇ ಇದ್ರೆ ಬಾರಿಸೋಕೆ ಬಿಡಬೇಡ" ಎಂದಳು. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಗೇಟಿನ ಅಗುಳಿ ಬಿಚ್ಚಿ ತೆಗೆದಿಟ್ಟಿದ್ದೇನೆ. ತುಕ್ಕು ಹಿಡಿದಿತ್ತು.

ಡಿಸೆಂಬರ್ 2, ಶುಕ್ರವಾರ

ಅಮ್ಮ ಬೆಳಿಗ್ಗೆ ತೀರಿಕೊಂಡಳು. ನಾನು ಪಕ್ಕದಲ್ಲಿದ್ದೆ. ಬಾಗಿಲ ಕಡೆ ನೋಡಿ, ಚಪ್ಪಲಿ ಹಾಕ್ಕೊಂಡು ಬಾ ಎಂದಳು. ನನಗೆ ಹೇಳಿದ್ದಲ್ಲ, ನನ್ನ ಕಾಲಲ್ಲಿ ಚಪ್ಪಲಿ ಇತ್ತು.

ಪಾದ್ರಿ ಊಕೆನ್ ಬಂದು ಪ್ರಾರ್ಥನೆ ಮಾಡಿದರು. ಬೆನ್ನಿಗೇ ಹಾಯೋ ಬೂಸ್ ಕರಿಕೋಟಿನಲ್ಲಿ ಬಂದರು. ನಾಳೆ ಹತ್ತಕ್ಕೆ ಘಂಟೆ ಎಂದು ಪಾದ್ರಿ ಹೇಳುತ್ತಿದ್ದ ಹಾಗೆ ನಾನು ಬೇಡ ಎಂದೆ. ಊಲಿಯ ವಿಷಯ ಇಬ್ಬರಿಗೂ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳುವಾಗ ದನಿ ತಗ್ಗಿಸಿದ್ದೆ, ಅಂಗಳಕ್ಕೆ ಕೇಳದಿರಲಿ ಎಂದು.

ಹಾಯೋ ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಬಾರಿಸದೆ ಹಾಗೇ ಬಿಟ್ರೆ ಹೇಗ್ರೀ? ಹಿಂದೆ ಊರಿಗೆ ಸೇರದವರಿಗೆ ಮಾತ್ರ ಹಾಗೆ ಮಾಡ್ತಿದ್ರು. ಎಪ್ಪತ್ತೇಳು ವರ್ಷ ಇಲ್ಲಿದ್ದೋರನ್ನ ಕೊನೇ ದಿನ ನಾವೇ ಹೊರಗಿನೋಳು ಅಂದ ಹಾಗಾಯ್ತಲ್ಲ."

ಮಾತು ಕೊಟ್ಟಿದ್ದೇನೆ ಎಂದೆ. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

ಗೋಪುರದಲ್ಲಿ ಯುದ್ಧದ ಕಾಲದಲ್ಲೂ ಇಳಿಸದೆ ಬಿಟ್ಟ ಚಿಕ್ಕದೊಂದು ಇದೆ ಎಂದು ಪಾದ್ರಿ ನೆನಪಿಸಿದರು. ಅದು ಊರಿನದೇ. ಆದರೆ ಸಾವಿಗೆ ಅದನ್ನು ಬಾರಿಸುವುದು ಮಕ್ಕಳು ಹೋದಾಗ ಮಾತ್ರ. ಹಾಗೆ ಬಾರಿಸಿ ಮೂವತ್ತು ವರ್ಷದ ಮೇಲಾಯಿತು, ದೇವರ ದಯೆ.

"ಅದನ್ನೇ ಬಾರಿಸಿ" ಎಂದೆ.

"ಊರು ಹೆದರತ್ತೆ ಇಮ್ಕೆ" ಎಂದರು ಹಾಯೋ.

ಪಾದ್ರಿ ನನ್ನನ್ನು ನೋಡಿದರು. ಯಾರ ಹೆಸರಿನಲ್ಲಿ ಬಾರಿಸಲಿ ಎಂದು ಮೆಲ್ಲಗೆ ಕೇಳಿದರು. ನಾನು ಇಬ್ಬರ ಹೆಸರನ್ನೂ ಕೊಟ್ಟೆ.

ಡಿಸೆಂಬರ್ 3, ಶನಿವಾರ

ಹತ್ತಕ್ಕೆ ಮೊದಲೇ ಹೊರಗೆ ಬಂದು ಚರ್ಚಿನ ಎದುರು ನಿಂತೆ. ಶನಿವಾರ, ಬೇಕರಿಯ ಮುಂದೆ ಸಾಲು ಇತ್ತು. ಮೀನಿನ ಗಾಡಿಯೂ ಬಂದಿತ್ತು.

ಚಿಕ್ಕ ಘಂಟೆಯ ದನಿ ಸಣ್ಣದು, ಅವಸರದ್ದು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬೇಕರಿಯ ಸಾಲಿನಲ್ಲಿ ಒಬ್ಬೊಬ್ಬರೇ ತಲೆ ಎತ್ತಿ ಗೋಪುರ ನೋಡಿದರು. ಮೀನಿನವನು ತಕ್ಕಡಿಯಿಂದ ಕೈ ತೆಗೆದ. ಸಂತೆ ಬೀದಿಯ ಬಾಗಿಲುಗಳು ತೆರೆದವು, ಜನ ಕೋಟು ಹಾಕದೆ ಬೀದಿಗೆ ಬಂದರು. ತಾಯಂದಿರು ತಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಎದುರಿಗೇ ನಿಂತಿದ್ದ ಮಕ್ಕಳನ್ನೂ. ಹಳೆಯ ಶಾಲೆಯ ಕಡೆಯಿಂದ ಒಬ್ಬ ಹೆಂಗಸು ಓಡಿಬಂದಳು, ಯಾರನ್ನು ಕೇಳುವುದೆಂದು ತಿಳಿಯದೆ ನಿಂತಳು.

ಈ ಊರಿನ ಬಗ್ಗೆ ಅಷ್ಟೊಂದು ಪುಟ ಬರೆದಿದ್ದೇನೆ. ಅದು ಒಟ್ಟಿಗೆ ಹೀಗೆ ಬೀದಿಗಿಳಿದದ್ದನ್ನು ನೋಡಿರಲಿಲ್ಲ.

ಬುಟ್‌ಗೆರೈಟ್ ಅಜ್ಜಿ ಕೋಲೂರಿಕೊಂಡು ಬಂದು ನನ್ನ ತೋಳು ಹಿಡಿದರು. ಜೊತೆಗೆ ಅವರ ಬೀದಿಗೆ ಹೊಸದಾಗಿ ಬಂದ ಒಬ್ಬ ಹುಡುಗಿ ಇದ್ದಳು, ತಳ್ಳುಗಾಡಿಯಲ್ಲಿ ಅವಳ ಕೂಸು.

"ಯಾರ ಮಗು?" ಎಂದರು ಅಜ್ಜಿ.

ಹೆಸರು, ವಯಸ್ಸು ಖಾತ್ರಿಯಾಗದೆ ನಾನು ಒಂದು ಸಾವಿನ ಸುದ್ದಿಯನ್ನೂ ಎಂದೂ ಕೊಟ್ಟವಳಲ್ಲ.

"ನಮ್ಮ ಮನೇದು" ಎಂದೆ. "ಊಲಿ. ನಾಲ್ಕು ವರ್ಷ."

ಅಜ್ಜಿ ಕೈ ಜೋಡಿಸಿದರು. ಹುಡುಗಿ ಕೂಸಿನ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದಳು.

"ಏನಾಗಿತ್ತು?" ಎಂದು ಕೇಳಿದಳು.

"ಚಳಿ" ಎಂದೆ.